ಪೂಜೆಗಿಟ್ಟ ಚಾವಿ

ಸಾವಂತ್ರವ್ವ ಗಾಡಿ ಹೊಡೆಯಲು ಕಲಿತದ್ದೇ ತಿರುಗಾಮುರುಗಾ. ಲೋಕವೆಲ್ಲ ಮೊದಲು ಮುಂದಕ್ಕೆ ಹೋಗಲು ಕಲಿತು ಆಮೇಲೆ ರಿವರ್ಸ್ ಕಲಿಯುತ್ತದೆ. ಈಕೆ ಮೊದಲು ಹಿಂದಕ್ಕೆ ಹೋಗಲು ಕಲಿತಳು. ಗಂಡ ಬಾಳು ಗೌಂಡಿ ಕೆಲಸದವನು. ಪುಣೆಯ ಕೊಂಢವಾದಲ್ಲಿ ಯಾರದೋ ಅಪಾರ್ಟ್‌ಮೆಂಟು ಕಟ್ಟುವಾಗ ಮೇಲಿನ ಹಲಗೆಯಿಂದ ಜಾರಿ ಬಿದ್ದು ಕಾಲು ಮುರಿದುಕೊಂಡ. ಅವನು ಇಟ್ಟಿಗೆ, ಉಸುಕು ಸಾಗಿಸುತ್ತಿದ್ದ ಹಳೆಯ ಟೆಂಪೊ ಮನೆಯ ಎದುರಿನ ಗೋಡೆಗೆ ಮೂಗು ಹಚ್ಚಿ ನಿಂತೇಬಿಟ್ಟಿತು. ಮುಂದೆ ಗೋಡೆ, ಬಯಲೆಲ್ಲ ಹಿಂದೆ. ಬಾಳು ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿಕೊಂಡೇ "ಕ್ಲಚ್ ಒತ್ತ, ಏ ಸಾವಂತ್ರಿ, ಕ್ಲಚ್!" ಎಂದು ಕೂಗುವನು. ಆಕೆ ಅವನನ್ನೂ ಕ್ಲಚ್ಚನ್ನೂ ಕೂಡಿಯೇ ಬಯ್ಯುತ್ತ ಟೆಂಪೊವನ್ನು ಹಿಂದಕ್ಕೆ ಬಿಡುವಳು. ಅದಕ್ಕೂ ಮೊದಲು ಆಕೆ ಉಸುಕಿನ ಬುಟ್ಟಿ ಹೊತ್ತು ಕಟ್ಟಡಗಳ ಮಹಡಿ ಹತ್ತುತ್ತಿದ್ದವಳು.

"ತಲಿ ಮ್ಯಾಲೆ ಹೊರೂದಕ್ಕಿಂತ ಗಾಡಿ ಮ್ಯಾಲೆ ಹೊರೂದು ಚಲೊ ಅಲ್ರಿ ಸಿದ್ದಣ್ಣಾರ?" ಎಂದು ಒಮ್ಮೆ ನನ್ನನ್ನು ಕೇಳಿದ್ದಳು. ಚಲೊ ಅಲ್ಲ ಎನ್ನಲು ನನಗೇನು ಹುಚ್ಚೆ?

ನಾನು ಸಿದ್ದಾರೂಢ, ಸದಾಶಿವ ಪೇಠದ ಬೋರಮ್ಮ ಪೈಪ್ಸ್ ಪ್ರೈವೇಟ್ ಲಿಮಿಟೆಡ್‌ನ ಹಿರಿಯ ಗುಮಾಸ್ತ. ಹೆಸರು ಕೇಳಿ ದೊಡ್ಡ ಕಂಪನಿಯೆಂದು ತಿಳಿಯಬೇಡಿ. ಹಳೆಯ ವಾಡೆಯೊಂದರ ಕೆಳಗೆ ಅಂಗಡಿ, ಮೇಲೆ ಮಾಲೀಕರ ಮನೆ, ಅಂಗಳದಲ್ಲಿ ಪೈಪುಗಳ ರಾಶಿ. ವಿಜಯಪುರದ ಕಡೆಯಿಂದ ಬಂದ ಶಿವಪ್ಪ ಸಾವಕಾರರು ಕಬ್ಬಿನ ರೈತರಿಗೆ ಪೈಪು, ಪಂಪು ಮಾರಿ ಮೇಲೆ ಬಂದವರು. ಕಂಪನಿಗೆ ತಾಯಿಯ ಹೆಸರಿಟ್ಟಿದ್ದಾರೆ. ಕಂಪನಿಯ ಬಿಳಿ ಕಾರಿನ ಹಿಂದಿನ ಗಾಜಿನ ಮೇಲೂ ಆ ಹೆಸರು ದೊಡ್ಡ ಅಕ್ಷರದಲ್ಲಿದೆ. ಸಾವಕಾರರು ಒಳ್ಳೆಯವರೇ. ಆದರೆ ಮುಹೂರ್ತ ಕೇಳದೆ ಕ್ಷೌರಕ್ಕೂ ಹೋಗುವವರಲ್ಲ.

ಇನ್ನು ನನ್ನ ಸ್ವಭಾವ: ಸಿಟ್ಟು ಮೂಗಿನ ತುದಿಯಲ್ಲಿ. ಗಾಡಿಯಲ್ಲಿ ಕೂತರಂತೂ ಅದು ಮೂಗು ಬಿಟ್ಟು ಬಾಯಿಗೇ ಇಳಿಯುತ್ತದೆ. ಈ ಊರಿನ ಸ್ಕೂಟರಿನವರು ಎಡಕ್ಕೆ ಕೈ ತೋರಿಸಿ ಬಲಕ್ಕೆ ತಿರುಗುತ್ತಾರೆ; ಕೇಳಿದರೆ ಮರಾಠಿಯಲ್ಲಿ ನಮಗೇ ಪಾಠ ಹೇಳುತ್ತಾರೆ. ನಾನು ಕಿಟಕಿಯ ಮೇಲಿನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೇ ಕೂರುತ್ತೇನೆ. ನಮ್ಮಲ್ಲಿದ್ದ ಹಿಂದಿನ ಡ್ರೈವರ್‌ಗಳಲ್ಲಿ ಒಬ್ಬ ಫೋನಿನಲ್ಲಿ ಹೆಂಡತಿಯೊಡನೆ ಜಗಳವಾಡುತ್ತ ಹೊಡೆಯುತ್ತಿದ್ದ, ಇನ್ನೊಬ್ಬ ತೂಕಡಿಸುತ್ತ ಹೊಡೆಯುತ್ತಿದ್ದ. ಇಬ್ಬರಲ್ಲಿ ಯಾರು ವಾಸಿ ಎಂದು ನನಗಿನ್ನೂ ತಿಳಿದಿಲ್ಲ.

ಸಾವಂತ್ರವ್ವ ಕೆಲಸ ಕೇಳಿಕೊಂಡು ಬಂದ ದಿನ ಸಾವಕಾರರು ತಲೆ ಕೆರೆದುಕೊಂಡರು. ಆ ಹೊತ್ತಿಗೆ ಟೆಂಪೊ ಗುಜರಿಗೆ ಹೋಗಿತ್ತು. ಬಾಳು ಕೋಲು ಹಿಡಿದು ನಡೆಯುತ್ತಿದ್ದನೇ ಹೊರತು ಮತ್ತೆ ಮೇಲೇರುವಂತಿರಲಿಲ್ಲ. ಆಕೆ ಲೈಸೆನ್ಸ್ ಹಿಡಿದುಕೊಂಡು ಪುಣೆಯ ಎಷ್ಟೋ ಆಫೀಸುಗಳ ಮೆಟ್ಟಿಲು ಹತ್ತಿಳಿದಿದ್ದಳು. ಎಲ್ಲ ಕಡೆ ಒಂದೇ ಮಾತು: "ಬಾಯಿ ಡ್ರೈವರ್? ನಕೋ." ಹೆಣ್ಣು ಡ್ರೈವರ್ ಬೇಡವೆಂದರೆ ಬೇಡ. ನಮ್ಮಲ್ಲೂ ಅದೇ ಆಗುತ್ತಿತ್ತು. ಆದರೆ ಸಾವಕಾರರ ತಾಯಿ ಬೋರಮ್ಮಾಯಿ ಮೇಲಿನಿಂದ ಬಗ್ಗಿ ನೋಡಿ, "ಗಾಡಿ ಹೊರಗ ತಗದು ತೋರ್ಸಲಿ, ಆಮ್ಯಾಲೆ ಮಾತಾಡ್ರಿ" ಎಂದರು.

ನಮ್ಮ ವಾಡೆಯ ಹೆಬ್ಬಾಗಿಲು ಕಾರಿನಷ್ಟೇ ಅಗಲ. ಒಳಗೆ ತಿರುಗಿಸಲು ಜಾಗವಿಲ್ಲ, ಗಾಡಿ ಹಿಂದಕ್ಕೇ ಹೊರಡಬೇಕು. ಹಳೆಯ ಡ್ರೈವರ್‌ಗಳು ಬಾಗಿಲಿನ ಕಂಬಗಳಿಗೆಲ್ಲ ಬಿಳಿ ಬಣ್ಣ ಬಳಿದು ಹೋಗಿದ್ದರು. ಸಾವಂತ್ರವ್ವ ಇಳಕಲ್ ಸೀರೆಯ ಮೇಲೆ ಗಂಡನ ಅಂಗಿ ತೊಟ್ಟು ಕೂತಳು. ಒಮ್ಮೆ ಕನ್ನಡಿ ನೋಡಿದಳು. ಒಂದೇ ಏಟಿಗೆ ಗಾಡಿ ರಸ್ತೆಯಲ್ಲಿತ್ತು. ಕೆಲಸ ಸಿಕ್ಕಿತು.

ಅಂದಿನಿಂದ ಇಂದಾಪುರದ ದಾರಿಯಲ್ಲಿ ನಾವಿಬ್ಬರೂ ಜೊತೆ. ಅಲ್ಲಿಯ ಅಂಗಡಿಗಳಿಗೆ ನಮ್ಮ ಮಾಲು ಹೋಗುತ್ತದೆ. ವಸೂಲಿಗೆ, ಮಾತುಕತೆಗೆ ನಾನು ಹೋಗುತ್ತೇನೆ. ಸಾವಂತ್ರವ್ವ ಬೆಳಿಗ್ಗೆ ಬಂದವಳೇ ಗಾಡಿಯ ಸುತ್ತ ಒಂದು ಸುತ್ತು ಬರುವಳು, ಪ್ರತಿ ಗಾಲಿಯನ್ನೂ ಅಂಗೈಯಿಂದ ಸವರುವಳು. ಎಮ್ಮೆಯ ಮೈ ನೋಡುವ ಹಾಗೆ. ನಾನು ಚೇಷ್ಟೆ ಮಾಡಿದರೆ, "ಇದರ ಕಾಲ ಮ್ಯಾಲೆ ನಮ್ಮ ಜೀವ ಅದಾವ್ರಿ, ನಗಬ್ಯಾಡ್ರಿ" ಎನ್ನುವಳು.

ಆ ವರ್ಷದ ಮಳೆಗಾಲದಲ್ಲಿ ಆ ಕಾಲುಗಳೇ ಕೈಕೊಟ್ಟವು. ಭಿಗವಣದ ಹತ್ತಿರ ಸಣ್ಣ ಮಳೆ. ಮುಂದಿನ ಲಾರಿ ನಿಧಾನಿಸಿತು, ಸಾವಂತ್ರವ್ವ ಬ್ರೇಕ್ ಒತ್ತಿದಳು. ಗಾಡಿ ನಿಲ್ಲಲಿಲ್ಲ. ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದಂತೆ ಅಡ್ಡಡ್ಡ ಹೋಗಿ ರಸ್ತೆಯ ಪಕ್ಕದ ಮಣ್ಣಿಗೆ ಇಳಿದು ಹೇಗೋ ನಿಂತಿತು. ನಮಗೇನೂ ಆಗಲಿಲ್ಲ. ನಾನು ಹಿಡಿಕೆಗೆ ಜೋತುಬಿದ್ದವನು ಕೈ ಬಿಡಲು ಬಹಳ ಹೊತ್ತಾಯಿತು. ಆಕೆ ಕೆಳಗಿಳಿದು ಮುಂದಿನ ಗಾಲಿಗೆ ಕೈಯಿಟ್ಟು ಅಲ್ಲೇ ಕುಕ್ಕುರುಗಾಲಲ್ಲಿ ಕೂತಳು.

"ಹಲ್ಲೆಲ್ಲಾ ಸವದಾವ್ರಿ. ನೆಲ ಹಿಡ್ಯೂದೇ ಇಲ್ಲ. ಸಾವ್ಕಾರ್ರಿಗೆ ಹೇಳಬೇಕು."

ಹೇಳಿದೆವು. ಸಾವಕಾರರು ಗಾಬರಿಯಾದರು, ದೇವರಿಗೆ ಕೈ ಮುಗಿದರು, "ಹೊಸಾವು ಹಾಕಸೂಣು" ಎಂದರು. ಆದರೆ ಆಗ ಆಷಾಢ, ಆಷಾಢದಲ್ಲಿ ಹೊಸತೇನೂ ತರುವಂತಿಲ್ಲ. ಶ್ರಾವಣ ಬಂತು. ಸೋಮವಾರ ಉಪವಾಸ, ಮಂಗಳವಾರ ಆಗದು, ಇದ್ದ ಬಿಡುವೆಲ್ಲ ಶನಿವಾರ. ಶನಿವಾರ ಕಬ್ಬಿಣ ಮನೆಗೆ ತರಬಾರದು.

"ಟೈರು ರಬ್ಬರ್ರೀ ಸಾವ್ಕಾರ್ರ" ಎಂದೆ.

"ಒಳಗ ತಂತಿ ಇರ್ತದಲ್ಲೋ ಸಿದ್ದಣ್ಣ."

ಗಣಪತಿ ಬಂತು, ಪೇಠದ ರಸ್ತೆಗಳೆಲ್ಲ ಮಂಟಪಗಳಾದವು. ಗಣಪತಿ ಹೋಯಿತು, ಪಿತೃಪಕ್ಷ ಹಿಡಿಯಿತು. ಸತ್ತವರ ಹದಿನೈದು ದಿನಗಳಲ್ಲಿ ಹೊಸ ಟೈರು ತಂದರೆ ಹಿರಿಯರು ಮುನಿಯುತ್ತಾರಂತೆ. ಆ ಟೈರಿನಿಂದಲೇ ನಾವೂ ಹಿರಿಯರ ಪಂಕ್ತಿಯಲ್ಲಿ ಕೂರುವಂತಾದರೆ ಅವರೇನು ಹಿಗ್ಗುತ್ತಾರೆಯೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ, ಅನ್ನ ಕೊಡುವವರು. ಅಷ್ಟರಲ್ಲಿ ನವರಾತ್ರಿ. "ಇನ್ನೇನು ದಸರಾ ಬಂತಲ್ಲ. ವರ್ಷದ ಮೂರೂವರಿ ಶುಭ ಮುಹೂರ್ತದಾಗಿನ ಒಂದು. ಅವತ್ತು ಕಣ್ಣು ಮುಚ್ಚಿ ತರಬಹುದು" ಎಂದರು.

ಅಲ್ಲಿಯವರೆಗೆ ಸಾವಂತ್ರವ್ವ ಊರೊಳಗೆ ಮಾತ್ರ, ಎತ್ತಿನ ಗಾಡಿಯ ನಡಿಗೆಯಲ್ಲಿ ಹೊಡೆದಳು. ಇಂದಾಪುರಕ್ಕೆ ನಾನು ಎಸ್‌ಟಿ ಬಸ್ಸಿನಲ್ಲಿ, ಗಾಣಕ್ಕೆ ಕೊಟ್ಟ ಕಬ್ಬಿನಂತೆ ಹಿಂಡಿಸಿಕೊಂಡು ಹೋಗಿಬಂದೆ.

ಖಂಡೇನವಮಿಯ, ಅಂದರೆ ಆಯುಧಪೂಜೆಯ ದಿನ ಗಂಟು ಬಿಗಿಯಿತು. ದಸರೆಯ ಬೆಳಿಗ್ಗೆ ಇಂದಾಪುರದಲ್ಲಿ ನಮ್ಮ ಹೊಸ ಅಂಗಡಿಯ ಪೂಜೆ. ಹಿಂದಿನ ದಿನವೇ, ಅಂದರೆ ಖಂಡೇನವಮಿಯ ಪೂಜೆ ಮುಗಿಸಿ, ಸಾವಕಾರರು, ಬೋರಮ್ಮಾಯಿ ಮತ್ತು ನಾನು ಕಾರಿನಲ್ಲಿ ಹೊರಡುವುದೆಂದು ತೀರ್ಮಾನವಾಗಿತ್ತು. ಆಕಾಶ ಕಪ್ಪಗಿತ್ತು, ಹಿಂಗಾರು ಮಳೆಯ ದಿನಗಳು.

ಅಂಗಡಿಯಲ್ಲಿ ಹಲಗೆಯ ಮೇಲೆ ತಕ್ಕಡಿ, ಸ್ಪ್ಯಾನರು, ಪೈಪು ಕತ್ತರಿಸುವ ಗರಗಸ, ನನ್ನ ಪೆನ್ನು, ಬಿಲ್ಲಿನ ಯಂತ್ರ ಎಲ್ಲಕ್ಕೂ ವಿಭೂತಿ ಹಚ್ಚಿ ಚೆಂಡುಹೂ ಇಟ್ಟಿದ್ದರು. ಗೋಡೆಯ ತಿಜೋರಿಗೂ ಬೀಗ ಹಾಕಿ ವಿಭೂತಿ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು: ಖಂಡೇಪೂಜೆಗೆ ಇಟ್ಟ ಆಯುಧವನ್ನು ಮರುದಿನ ಬನ್ನಿ ಮುಡಿಯುವವರೆಗೂ ಎತ್ತಬಾರದು. ವರ್ಷವಿಡೀ ದುಡಿದ ವಸ್ತುಗಳಿಗೆ ಅದೊಂದು ದಿನದ ರಜೆ.

ಬೋರಮ್ಮಾಯಿ ಆರತಿಗೆ ಕರ್ಪೂರ ಇಡುತ್ತಿದ್ದರು. ಸಾವಂತ್ರವ್ವ ಬಾಗಿಲಲ್ಲಿ ನಿಂತು ಹೇಳಿದಳು. ದನಿ ಏರಿಸಲಿಲ್ಲ.

"ಸಾವ್ಕಾರ್ರ, ಈ ಟೈರ್ ಮ್ಯಾಲೆ ಹೈವೇಕ್ಕ ನಾ ಬರೂದಿಲ್ರಿ. ಮಳಿ ಬರ್ತದ. ಆಯಿ ಕುಂದರತಾರ."

"ಒಂದ ದಿವಸಕ್ಕ ಏನಾಗ್ತದವ್ವಾ? ನಾಳೆ ಮುಹೂರ್ತದಾಗ ಇಂದಾಪುರದಾಗೇ ನಾಕೂ ಹೊಸಾವು ಹಾಕಸ್ತೀನಿ."

"ನಾಳಿಗೆ ಹಾಕಸ್ತೀರಿ ಖರೆ, ಅಲ್ಲಿತನಕ ಇವತ್ತಿನ ಮ್ಯಾಲೇ ಹೋಗಬೇಕಲ್ರಿ."

ಸಾವಕಾರರ ಮುಖ ಕೆಂಪಾಯಿತು. ಶುಭದಿನ, ಅಂಗಡಿಯ ಆಳುಗಳೆಲ್ಲ ನೋಡುತ್ತಿದ್ದರು. "ಗಾಡಿ ನಿನ್ನ ಕೈಯಾಗ ಕೊಟ್ಟೀನಿ. ಹುಷಾರಲೆ ಹೊಡ್ಯೂದು ನಿನ್ನ ಜವಾಬ್ದಾರಿ."

"ನನ್ನ ಜವಾಬ್ದಾರಿ ಅಂತನ ಒಲ್ಲೆ ಅನ್ನಾಕತ್ತೀನ್ರಿ. ಜಾರಿದ ಮ್ಯಾಲೆ ನನ್ನ ಕೈಯಾಗ ಏನೂ ಇರೂದಿಲ್ಲ."

"ಒಲ್ಲೆಂದ್ರ ಚಾವಿ ಇಟ್ಟು ಹೋಗು! ನಾಳಿಂದ ಬರಬ್ಯಾಡ!"

ಆಕೆಗೆ ಈ ಕೆಲಸ ಹೋದರೆ ಇನ್ನೊಂದಿಲ್ಲ ಎಂಬುದು ನನಗೆ ಗೊತ್ತಿತ್ತು. ಮತ್ತೆ ಉಸುಕಿನ ಬುಟ್ಟಿ, ಮತ್ತೆ ಮಹಡಿಯ ಮೆಟ್ಟಿಲು, ಈ ವಯಸ್ಸಿನಲ್ಲಿ. ಆಕೆಗೂ ಗೊತ್ತಿತ್ತು. ಸೊಂಟದಿಂದ ಚಾವಿ ತೆಗೆದಳು. ಅದನ್ನು ಸಾವಕಾರರ ಕೈಗೆ ಕೊಡಲಿಲ್ಲ. ಮುಂದೆ ಬಂದು ಹಲಗೆಯ ಮೇಲೆ, ತಕ್ಕಡಿ ಮತ್ತು ನನ್ನ ಪೆನ್ನಿನ ನಡುವೆ ಇಟ್ಟಳು. ಒಂದು ಚೆಂಡುಹೂವನ್ನು ಅದರ ಮೇಲೆ ಏರಿಸಿ ಕೈ ಮುಗಿದಳು. ಅದೇ ಹೊತ್ತಿಗೆ ಬೋರಮ್ಮಾಯಿ ಆರತಿ ಎತ್ತಿದರು. ಗಂಟೆ ಮೊಳಗಿತು, ಆರತಿ ಎಲ್ಲದರ ಮೇಲೂ ಸುತ್ತಿತು, ಚಾವಿಯ ಮೇಲೂ.

ಆರತಿ ಮುಗಿದದ್ದೇ ಸಾವಕಾರರು, "ನಡಿ ಸಿದ್ದಣ್ಣ, ಬ್ಯಾರೆ ಡ್ರೈವರ್ ಕರಸ್ತೀನಿ" ಎಂದು ಚಾವಿಗೆ ಕೈ ಹಾಕಿದರು. ಬೋರಮ್ಮಾಯಿ ಆ ಕೈಯ ಮೇಲೆ ಫಟ್ಟನೆ ಹೊಡೆದರು.

"ಏನ ಮಾಡ್ತಿಯೋ? ಪೂಜಿಗೆ ಇಟ್ಟದ್ದು ಎತ್ತತಿಯೇನು?"

"ಅವ್ವಾ, ಅದು ಗಾಡಿ ಚಾವಿ."

"ಆಕಿ ದುಡ್ಯೂದು ಅದರಲೆ ಅಲ್ಲೇನು? ಹಂಗಾರ ಅದೂ ಆಯುಧನ. ನಾಳೆ ಬನ್ನಿ ಮುಡದ ಮ್ಯಾಲೆ ಎತ್ತು."

ಎರಡನೆಯ ಚಾವಿ ತಿಜೋರಿಯಲ್ಲಿತ್ತು. ತಿಜೋರಿಗೂ ಪೂಜೆಯಾಗಿತ್ತು. ಸಾವಕಾರರು ತಿಜೋರಿಯನ್ನು ನೋಡಿದರು, ತಾಯಿಯನ್ನು ನೋಡಿದರು. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಮುಖ ಅದು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮೂರು ತಿಂಗಳು ನಮ್ಮನ್ನು ಮುಹೂರ್ತದಲ್ಲಿ ಕಟ್ಟಿಹಾಕಿದವರನ್ನು ಮುಹೂರ್ತವೇ ಕಟ್ಟಿಹಾಕಿತ್ತು. ನನಗೆ ಒಳಗೊಳಗೇ ನಗು. ಸಾವಂತ್ರವ್ವನ ಮುಖ ನೋಡಿದೊಡನೆ ಅದು ಹಾರಿಹೋಯಿತು. ಆಕೆ ನಗುತ್ತಿರಲಿಲ್ಲ.

"ಚಾವಿ ಇಲ್ಲಂದ್ರೇನು, ಗಾಡಿ ಪೂಜಿ ತಪ್ಪಸಬಾರದು" ಎಂದು ಬೋರಮ್ಮಾಯಿ ವಿಭೂತಿಯ ತಟ್ಟೆ ಹಿಡಿದು ಅಂಗಳಕ್ಕೆ ಬಂದರು. ಗಾಲಿಗೆ ವಿಭೂತಿ ಹಚ್ಚುವುದು ಪ್ರತಿ ವರ್ಷ ಯಜಮಾನನ ಕೆಲಸ. ಸಾವಕಾರರು ಬೇರೆ ವರ್ಷ ನಡುವಿನ ಬಟ್ಟಲಿಗೆ ಹಚ್ಚಿ ಏಳುತ್ತಿದ್ದರು. ಈ ಸಲ ಸಾವಂತ್ರವ್ವ ಸ್ಟೇರಿಂಗ್ ತಿರುಗಿಸಿ ನಿಲ್ಲಿಸಿದ್ದರಿಂದ ಮುಂಗಾಲಿಯ ಮುಖ ಹೊರಗೆ ಬಂದಿತ್ತು, ನೆಲ ಮುಟ್ಟುವ ಭಾಗ. ಸಾವಕಾರರು ಬಗ್ಗಿ ಅಲ್ಲಿಯೇ ಮೂರು ಬೆರಳು ಎಳೆದರು.

ಹೊಸ ಟೈರಿನ ಮೇಲೆ ಹಾಗೆ ಎಳೆದು ನೋಡಿ. ಗೆರೆ ಕಚ್ಚು ಕಚ್ಚಿನಲ್ಲೂ ತುಂಡಾಗುತ್ತದೆ. ಇಲ್ಲಿ ಮೂರೂ ಗೆರೆ ಈ ಅಂಚಿನಿಂದ ಆ ಅಂಚಿನವರೆಗೆ ನೆಟ್ಟಗೆ, ನುಣ್ಣಗೆ ಬಂದವು.

ಬೋರಮ್ಮಾಯಿ ಕಣ್ಣು ಕಿರಿದು ಮಾಡಿ ನೋಡಿದರು. "ಇದೇನೋ ಶಿವಪ್ಪಾ, ನನ್ನ ಹಣಿ ಮ್ಯಾಲೆ ಹಚ್ಚಿದಂಗ ಬಂದಾವು." ಆಮೇಲೆ ಗಾಡಿಯ ಹಿಂದೆ ಹೋಗಿ ಗಾಜಿನ ಮೇಲಿನ ಅಕ್ಷರದ ಮೇಲೆ ಬೆರಳಿಟ್ಟರು. "ಇದು ಹೋಗಿ ಯಾರಿಗರೆ ಬಡದಿದ್ರ, ಜನ ಓದೂ ಹೆಸರು ಯಾರದು?"

ಸಾವಕಾರರು ಬಗ್ಗಿಯೇ ಇದ್ದರು. ಸಾವಂತ್ರವ್ವ ಬೋರಮ್ಮಾಯಿಯ ಕಾಲು ಮುಟ್ಟಿ ನಮಸ್ಕರಿಸಿ, ಸಿಟಿ ಬಸ್ಸು ಹಿಡಿಯಲು ನಡೆದೇಬಿಟ್ಟಳು.

ನಾವು ಸ್ವಾರ್ಗೇಟ್ ನಿಲ್ದಾಣದಿಂದ ಎಸ್‌ಟಿ ಹಿಡಿದೆವು. ಬೋರಮ್ಮಾಯಿಗೆ ಕಿಟಕಿಯ ಸೀಟು, ಶೇಂಗಾದ ಪೊಟ್ಟಣ. ಅವರಿಗೆ ಅದೇ ಜಾತ್ರೆ. ಯವತ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಭಿಗವಣದ ಹತ್ತಿರ ರಸ್ತೆಯ ಮೇಲೆ ನೀರು ಹಾಳೆಯಂತೆ ಹಾಸಿತ್ತು. ಅಷ್ಟು ದೊಡ್ಡ ಬಸ್ಸು ಕೂಡ ಅಡಿ ಅಡಿಯಾಗಿ ಹೋಗುತ್ತಿತ್ತು. ಸಾವಕಾರರು ಕಿಟಕಿಯ ಕಡೆ ಬಗ್ಗಿ ನೋಡಿದರು.

"ಸಿದ್ದಣ್ಣ, ಅವತ್ತು ಗಾಡಿ ಜಾರಿದ್ದು ಇಲ್ಲೇ ಏನು?"

"ಇಲ್ಲೇರಿ. ಆ ಬೇವಿನ ಗಿಡದ ಹಂತ್ಯಾಕ."

"ನನಗ ಸರಿಯಾಗಿ ಹೇಳಬೇಕಿತ್ತು ನೀವು."

ನನಗೆ ತಡೆಯಲಾಗಲಿಲ್ಲ. "ಹೇಳಿದ್ವಿರಿ. ನೀವು ಆಷಾಢ ಅಂದ್ರಿ."

ಅವರು ಸಿಟ್ಟಾಗಲಿಲ್ಲ. ಮಡಿಲಲ್ಲಿ ಶೇಂಗಾ ಸುಲಿಯುತ್ತಿದ್ದ ತಾಯಿಯನ್ನು ಬಹಳ ಹೊತ್ತು ನೋಡಿದರು. ವಿಭೂತಿ ಇನ್ನೂ ಸಾವಕಾರರ ಮೂರು ಬೆರಳಿಗೆ ಅಂಟಿತ್ತು, ತೊಳೆದಿರಲಿಲ್ಲ.

ಮರುದಿನ ಇಂದಾಪುರದ ಪೂಜೆ ಚೆನ್ನಾಗಿಯೇ ಆಯಿತು. ನಾನು ಪೇಢೆ ಹಂಚಿದೆ, ಆದರೆ ಮನಸ್ಸೆಲ್ಲ ಕೊಂಢವಾದ ಸಾವಂತ್ರವ್ವನ ಮನೆಯಲ್ಲಿತ್ತು. ಎರಡು ಸಲ ಫೋನು ಮಾಡಿದರೆ ಬಾಳು ಎತ್ತಿ, "ಆಕಿ ಮಲಗ್ಯಾಳ್ರಿ" ಎಂದ. ಸಾವಂತ್ರವ್ವ ಹಗಲು ಮಲಗುವವಳಲ್ಲ. ಸಾವಕಾರರು ಊಟ ಮುಗಿದದ್ದೇ ವಾಪಸು ಹೊರಡಿಸಿದರು.

ಸಂಜೆ ನಾವು ವಾಡೆಗೆ ಮುಟ್ಟಿ, ಬನ್ನಿ ಮುಡಿದು ಕೂತಿದ್ದೆವು. ಓಣಿಯ ಮರಾಠಿ ಮಂದಿ "ಸೋನಂ ಘ್ಯಾ" ಎನ್ನುತ್ತ, ಬಂಗಾರವೆಂದು ಬನ್ನಿ ಎಲೆ ಕೊಟ್ಟು ಹೋಗುತ್ತಿದ್ದರು. ಬರುತ್ತಾಳೋ ಇಲ್ಲವೋ ಎಂದು ನಾನು ಹೆಬ್ಬಾಗಿಲಿಗೇ ಕಣ್ಣಿಟ್ಟಿದ್ದೆ. ಬಂದಳು. ಅದೇ ಇಳಕಲ್ ಸೀರೆ, ಮೇಲೆ ಅಂಗಿಯಿಲ್ಲ. ಹಿಂದೆ ಕೋಲೂರಿಕೊಂಡು ಬಾಳು. ಕೆಲಸ ಹೋದರೂ ಬನ್ನಿ ಕೊಡುವುದು ಬಿಡಬಾರದಲ್ಲ. ದಸರೆಯಲ್ಲಿ ವೈರಿಯ ಮನೆಗೂ ಹೋಗಬೇಕು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಆಯಿ" ಎಂದು ಬೋರಮ್ಮಾಯಿಗೆ ಕೊಟ್ಟಳು. ನನಗೂ ಕೊಟ್ಟಳು. ಸಾವಕಾರರ ಮುಂದೆ ಬಂದು ಎಲೆ ಚಾಚಿದಳು.

ಸಾವಕಾರರು ಎಲೆ ತೆಗೆದುಕೊಂಡು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಬರುವಾಗ ಅವರ ಕೈಯಲ್ಲಿ ಚಾವಿಯಿತ್ತು. ಬಾಡಿದ ಚೆಂಡುಹೂವಿನ ಎಸಳು ಅದಕ್ಕೆ ಇನ್ನೂ ಅಂಟಿತ್ತು. ಅದರ ಮೇಲೆ ಬನ್ನಿ ಎಲೆ ಇಟ್ಟು, ಎರಡೂ ಕೈಯಿಂದ ಚಾಚಿದರು. ವಯಸ್ಸಿನಲ್ಲಿ ದೊಡ್ಡವರು, ಧಣಿ, ಡ್ರೈವರ್‌ಗೆ ಎರಡೂ ಕೈಯಿಂದ.

"ಸಾವಂತ್ರವ್ವ, ಗಾಡಿ ನಿನ್ನ ಕೈಯಾಗ ಕೊಟ್ಟೀನಿ ಅಂತ ನಿನ್ನೆ ಅಂದೆ. ಕೊಟ್ಟಿದ್ದಿಲ್ಲ. ಇವತ್ತ ಕೊಡಾಕತ್ತೀನಿ. ಇನ್ನ ಗಾಡಿ ಹೊರಡಬೇಕೋ ಬ್ಯಾಡೋ ಅನ್ನೂದು ನೀ ಹೇಳಬೇಕು, ನಾ ಕೇಳಬೇಕು."

ಸಾವಂತ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಾಳು ಮಾತ್ರ ಕೋಲು ಕುಟ್ಟಿ, "ತಗೋ ಸಾವಂತ್ರಿ, ಸಾವ್ಕಾರ್ರ ಕೈ ನೋಯ್ತಾವು" ಎಂದ.

ಆಕೆ ಚಾವಿ ಹಣೆಗೆ ಒತ್ತಿಕೊಂಡಳು. "ಹಂಗಾರ ಕೇಳ್ರಿ. ಈಗ ಟೈರಿನ ಅಂಗಡಿತನಕ ಅಷ್ಟ ಹೋಗ್ತದ. ಒಳಗ ಯಾರೂ ಕುಂದರಬ್ಯಾಡ್ರಿ."

ಹೀಗಾಗಿ ದಸರೆಯ ಸಂಜೆ ಸದಾಶಿವ ಪೇಠದಲ್ಲಿ ನಮ್ಮದೊಂದು ಮೆರವಣಿಗೆ ಹೊರಟಿತು. ಮುಂದೆ ಸಾವಕಾರರು ನಡೆದು ಸ್ಕೂಟರುಗಳನ್ನು ಸರಿಸುತ್ತ, ನಡುವೆ ಖಾಲಿ ಕಾರಿನಲ್ಲಿ ಸಾವಂತ್ರವ್ವ, ಹಿಂದೆ ನಾನೂ ಬಾಳುವೂ. ಟೈರಿನ ಅಂಗಡಿಯವನು ಕೈ ಹಾಕಿದವನೇ ಹೌಹಾರಿದ. "ಅಹೋ ಶೇಠ, ಹೇ ತರ್ ಪಾರ್ ಗೋಟಾ ಝಾಲೇತ್!" ಹೊಳೆಯ ನುಣುಪುಗಲ್ಲಿನಂತಾಗಿವೆ ಎಂದ. ಸಾವಕಾರರು ಮೆಲ್ಲಗೆ, ತಮಗೆ ಗೊತ್ತಿದೆ ಎಂದರು.

ಹೊಸ ಗಾಲಿಗಳ ಮೇಲೆ ಗಾಡಿ ವಾಡೆಗೆ ಬಂದಾಗ ಬೋರಮ್ಮಾಯಿ ತಟ್ಟೆ ಹಿಡಿದೇ ನಿಂತಿದ್ದರು. ಸಾವಕಾರರು ಬಗ್ಗಿ ಮೂರು ಬೆರಳು ಎಳೆದರು. ಗೆರೆಗಳು ಕಚ್ಚುಗಳಲ್ಲಿ ಬಿದ್ದು ತುಂಡುತುಂಡಾದವು. ಅವರು ಇನ್ನೊಮ್ಮೆ ಎಳೆಯಲು ಹೋದರೆ ತಾಯಿ ತಡೆದರು. "ಇರ್ಲಿ ಬಿಡೋ. ಹಿಂಗೇ ಇರಬೇಕು. ಇನ್ನ ಎಲ್ಲರೂ ಹತ್ರಿ, ಒಂದು ಸುತ್ತ ಹೋಗಿ ಬರೂಣು."

ಗಾಡಿ ಹಿಂದಕ್ಕೇ ಹೊರಡುವ ನಮ್ಮ ವಾಡೆಯಲ್ಲಿ ನಿಂಬೆಹಣ್ಣನ್ನು ಗಾಲಿಯ ಹಿಂದೆ ಇಡಬೇಕು. ಸಾವಂತ್ರವ್ವ ಕನ್ನಡಿ ನೋಡಿದಳು, ನಾಲ್ಕೂ ಹಣ್ಣು ಚಟ್ಟೆಂದವು, ಒಂದೇ ಏಟಿಗೆ ಗಾಡಿ ರಸ್ತೆಯಲ್ಲಿತ್ತು. ಮುಂದೆ ನಾನು, ಹಿಂದೆ ಸಾವಕಾರರು, ಬೋರಮ್ಮಾಯಿ, ಕೋಲು ಮಡಿಲಲ್ಲಿಟ್ಟುಕೊಂಡ ಬಾಳು. ಮೂಲೆಗೆ ಬರುವಷ್ಟರಲ್ಲಿ ಮಳೆ ಜೋರಾಯಿತು. ಸ್ಕೂಟರಿನವನೊಬ್ಬ, ಹೇಳಿದೆನಲ್ಲ, ಎಡಕ್ಕೆ ಕೈ ತೋರಿಸಿ ಬಲಕ್ಕೆ ನುಗ್ಗಿದ. ಸಾವಂತ್ರವ್ವ ಬ್ರೇಕ್ ಒತ್ತಿದಳು.

ಗಾಡಿ ಅಲ್ಲಿಯೇ ನಿಂತಿತು. ಸ್ಕೂಟರು ಮೂತಿಯ ಮುಂದಿನಿಂದ ದಾಟಿಹೋಯಿತು. ನಾನು ಬಯ್ಯಲು ಬಾಯಿ ತೆರೆದೆ. ಏಕೋ ಬೈಗುಳ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಸಾವಕಾರರು ತಾಯಿಯ ಕೈ ಹಿಡಿದುಕೊಂಡಿದ್ದರು.

"ನಿಂತಿತು" ಎಂದರು ಬೋರಮ್ಮಾಯಿ.

"ನಿಂದರಬೇಕಲ್ರಿ ಆಯಿ" ಎಂದು ಸಾವಂತ್ರವ್ವ ಗೇರ್ ಹಾಕಿ ಮುಂದಕ್ಕೆ ಬಿಟ್ಟಳು. ಆಗ ನೋಡಿಕೊಂಡೆ, ನನ್ನ ಎರಡೂ ಕೈ ಕಿಟಕಿಯ ಹಿಡಿಕೆ ಬಿಟ್ಟು ಮಡಿಲಲ್ಲಿದ್ದವು.